ಕ್ಯೋಟೋದ ಮೇಷ್ಟರುಗಳೂ ಅಮ್ಮನ ಕಾಫಿಯೂ

ನಿಮ್ಮ ಮನೆಯಲ್ಲೂ ಅಂಥದ್ದೊಂದು ಡ್ರಾಯರ್ ಇದ್ದೇ ಇರುತ್ತದೆ. ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀ, ಅರ್ಧ ಜೀವದ ಬ್ಯಾಟರಿ, ಇಂಡಿಯನ್ ಸ್ಟೋರಿನವರು ಕೊಟ್ಟ ಹಳೇ ಕ್ಯಾಲೆಂಡರು ಎಲ್ಲವೂ ಅಲ್ಲಿ ಮೋಕ್ಷಕ್ಕೆ ಕಾಯುತ್ತ ಬಿದ್ದಿರುತ್ತವೆ. ಮೊನ್ನೆ ಸ್ಮೋಕ್ ಅಲಾರಮ್ಮಿಗೆ ಬ್ಯಾಟರಿ ಹುಡುಕಲು ಅದಕ್ಕೆ ಕೈ ಹಾಕಿದೆ. ಅಲಾರಂ ಕೂಗಿತ್ತೇ ಎಂದು ಕೇಳಬೇಡಿ. ತಿಂಗಳುಗಟ್ಟಲೆ ಕೂಗದೆ ಇದ್ದದ್ದೇ ನನಗೆ ಆತಂಕವಾಗಿತ್ತು.

ಕೈಗೆ ಸಿಕ್ಕಿದ್ದು ಬ್ಯಾಟರಿಯಲ್ಲ, ಒಂದು ಪ್ಲಾಸ್ಟಿಕ್ ಉಂಗುರ. ಅದರ ಮೇಲೆ ಹುಣಸೆಬೀಜದಷ್ಟು ದೊಡ್ಡ ಗುಂಡಿ, ಪಕ್ಕದಲ್ಲಿ ಅಂಕಿ ಕಾಣಿಸುವ ಪುಟ್ಟ ಕಿಟಕಿ. ಒಂದು ಸಲ ಒತ್ತಿದರೆ ಒಂದು ಏರುತ್ತದೆ. ದೇವರ ಹೆಸರು ಎಣಿಸುವ ಯಂತ್ರ. ಅದನ್ನು ಹಿಡಿದು ಹಾಗೇ ನಿಂತುಬಿಟ್ಟೆ. "ಏನ್ರೀ, ಡ್ರಾಯರ್ ಒಳಗೇ ಹೋಗ್ಬಿಟ್ರಾ?" ಎಂದು ಹೆಂಡತಿ ಸುಧಾ ಕೂಗಿದ್ದು ಎಲ್ಲೋ ದೂರದ ರಸ್ತೆಯಿಂದ ಕೇಳಿದ ಹಾಗಿತ್ತು.

ಆ ಉಂಗುರವನ್ನು ನಾನು ತರಿಸಿದ್ದು ಅಮ್ಮನಿಗಾಗಿ. ಅಮ್ಮ ಮೈಸೂರು ಬಿಟ್ಟು ಷಿಕಾಗೋ ಪಕ್ಕದ ಶಾಮ್‌ಬರ್ಗಿನ ನಮ್ಮ ಮನೆಗೆ ಬಂದು ಹಲವು ಚಳಿಗಾಲ ಕಳೆದಿವೆ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಜಾಕೆಟ್ಟು, ಕಾಲಿಗೆ ಮೊಮ್ಮಗಳ ಹಳೆಯ ಸಾಕ್ಸು ಎಂದು ಎಲ್ಲದಕ್ಕೂ ಒಗ್ಗಿಕೊಂಡವಳು ಒಂದನ್ನು ಮಾತ್ರ ಸಡಿಲಿಸಲಿಲ್ಲ. ಬೆಳಿಗ್ಗೆ ಸ್ನಾನ, ಆಮೇಲೆ ನೂರೆಂಟು ಸಲ ನಾರಾಯಣನ ಹೆಸರು, ಅದಾದ ಮೇಲೆ ಕಾಫಿ. ಬಲಗೈ ಬೆರಳುಗಳ ಗೆಣ್ಣಿನ ಮೇಲೆ ಹೆಬ್ಬೆರಳನ್ನು ಓಡಿಸುತ್ತ ಎಣಿಸುತ್ತಾಳೆ. ಜಪ ಮುಗಿಯದೆ ತೊಟ್ಟು ನೀರೂ ಬಾಯಿಗಿಲ್ಲ. ನಾನು ಚಿಕ್ಕವನಿದ್ದಾಗ ಮೈಸೂರಿನ ನಮ್ಮ ಮನೆಯಲ್ಲಿ ಡಿಕಾಕ್ಷನ್ನಿನ ವಾಸನೆ ನಡುಮನೆಯವರೆಗೂ ಬಂದು ಕೂತಿರುತ್ತಿತ್ತು, ಅಮ್ಮನ ತುಟಿ ಮಾತ್ರ ತನ್ನ ಪಾಡಿಗೆ ಅಲ್ಲಾಡುತ್ತಿತ್ತು. ಅಪ್ಪ ಖಾಲಿ ಲೋಟ ಹಿಡಿದು ದೇವರ ಮನೆಯ ಬಾಗಿಲಲ್ಲಿ ಕೆಮ್ಮುತ್ತಿದ್ದರು. ದೇವರಿಗೂ ಅಪ್ಪನಿಗೂ ನಡುವೆ ನಡೆದ ಆ ಸ್ಪರ್ಧೆಯಲ್ಲಿ ಅಪ್ಪ ಗೆದ್ದದ್ದನ್ನು ನಾನು ನೋಡಿಲ್ಲ.

ಹೋದ ಶರತ್ಕಾಲದಲ್ಲಿ ಅಮ್ಮನಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. 'ಸಣ್ಣದು' ಎಂದವರು ಡಾಕ್ಟರು. ಅಂಗಿಗಿದ್ದ ಹಾಗೆ ಅದಕ್ಕೂ ಸೈಜುಗಳಿರುತ್ತವೆಂದು ನನಗೆ ಗೊತ್ತಾದದ್ದೇ ಆವತ್ತು. ಮಾತು ಬಂತು, ನಡಿಗೆ ಬಂತು. ಬಲಗೈ ಹೆಬ್ಬೆರಳು ಮಾತ್ರ ಬರಲಿಲ್ಲ. ಜೊತೆಗೆ ನೆನಪಿನಲ್ಲೂ ಎಲ್ಲೋ ಒಂದು ಹಲಗೆ ಸಡಿಲವಾಗಿತ್ತು. ಜಪದ ಮಧ್ಯದಲ್ಲಿ ಲೆಕ್ಕ ಜಾರುತ್ತಿತ್ತು, ಅಮ್ಮ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಮತ್ತೆ ಜಾರುತ್ತಿತ್ತು. ಹೀಗೆ ಮಧ್ಯಾಹ್ನವಾಗುತ್ತಿತ್ತು. ಬೆಳಗಿನ ತಿಂಡಿಯ ಮೇಲೆ ನುಂಗಬೇಕಾದ ಮಾತ್ರೆಗಳು ಡಬ್ಬಿಯಲ್ಲೇ ಉಳಿಯುತ್ತಿದ್ದವು. ಬಳೆಗಳು ಮೊಣಕೈಯತ್ತ ಜಾರತೊಡಗಿದವು. "ಊಟ, ಔಷಧಿ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಇನ್ನೊಂದು ಸ್ಟ್ರೋಕಿಗೆ ನೀವೇ ಬಾಗಿಲು ತೆರೆದಿಟ್ಟ ಹಾಗೆ" ಎಂದರು ಡಾಕ್ಟರು. ನನ್ನಂಥವನಿಗೆ ಈ ಮಾತು ಹೇಳಬಾರದು. ಗರಾಜಿನ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಹೈವೇಯಿಂದ ಎಕ್ಸಿಟ್ ತೆಗೆದುಕೊಂಡು ವಾಪಸ್ಸು ಬರುವ ಮನುಷ್ಯ ನಾನು.

"ಅಮ್ಮಾ, ಕಾಫಿ ಕುಡಿದು ಆಮೇಲೆ ಜಪ ಮಾಡು. ದೇವರು ಬೇಡ ಅಂತಾನಾ?"

"ಮುಗಿಸ್ದೆ ಹೋದೆ ಅಂತಿಟ್ಕೋ. ಅಲ್ಲಿ ಕೇಳಿದ್ರೆ ಏನು ಹೇಳ್ಲೋ ಶೀನ? ಮಗ ಕಾಫಿ ಕುಡಿಸ್ಬಿಟ್ಟ ಅಂತಲಾ?"

"ಎಡಗೈಯಲ್ಲಾದ್ರೂ ಎಣಿಸು."

"ಎಡಗೈಯಲ್ಲಿ ಜಪ! ನಾಳೆ ಎಡಗೈಯಲ್ಲಿ ಬಡಿಸು ಅಂತೀಯ."

ಆಗಲೇ ಉಂಗುರ ತರಿಸಿದ್ದು. ಇಡೀ ವೃತ್ತಿಜೀವನ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕುತ್ತ ಕಳೆದವನಿಗೆ ಅಮ್ಮನ ಸಂಕಟವೂ ರಿಪೇರಿಯಾಗಬಲ್ಲ ಒಂದು ತಪ್ಪಿನಂತೆಯೇ ಕಂಡಿತು. ಅಮ್ಮನ ಹೆಬ್ಬೆರಳು ಗುಂಡಿಯ ಮೇಲೆ ನಡುಗಿ ಒಂದು ಹೆಸರಿಗೆ ಮೂರು ಅಂಕಿ ಏರಿಸಿತು. "ಇದು ನಾನು ಬಾಯಿ ತೆಗೀದಿದ್ರೂ ಏರತ್ತೆ. ಕಳ್ಳ ಉಂಗುರ" ಎಂದು ಕಿತ್ತಿಟ್ಟಳು. ಸರಿ, ನಾನೇ ಪಕ್ಕದಲ್ಲಿ ಕೂತು ಎಣಿಸುತ್ತೇನೆಂದೆ. ಎರಡೇ ದಿನಕ್ಕೆ ನನ್ನ ಕೆಲಸ ಹೋಯಿತು. "ನೀನು ಮಧ್ಯದಲ್ಲಿ ಆಫೀಸಿನ ಫೋನ್ ನೋಡಿದ್ದನ್ನ ನಾನು ನೋಡ್ದೆ" ಎಂದಳು. ಜಪದ ಮಧ್ಯೆ ಅವಳು ನನ್ನನ್ನು ಯಾಕೆ ನೋಡುತ್ತಿದ್ದಳೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಮಗಳ ವಿಷಯ ಹೇಳಲೇಬೇಕು. ನಿಧಿ ಡೆಟ್ರಾಯಿಟ್ ಕಡೆಯ ಒಂದು ಯೂನಿವರ್ಸಿಟಿಯಲ್ಲಿ ಆಧುನಿಕ ಜಪಾನಿನ ತತ್ವಶಾಸ್ತ್ರ ಓದುತ್ತಾಳೆ. ನಮ್ಮ ಬಳಗದಲ್ಲಿ ಮಕ್ಕಳು ಡಾಕ್ಟರಾಗುತ್ತಾರೆ, ಕಂಪ್ಯೂಟರಿಗೆ ಹೋಗುತ್ತಾರೆ, ತೀರಾ ಕೈಮೀರಿದರೆ ಲಾಯರಾಗುತ್ತಾರೆ. ಈ ವಿಷಯ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕನ್ನಡ ಕೂಟದ ಪಾಟ್‌ಲಕ್ ಊಟದಲ್ಲಿ ಯಾರಾದರೂ "ಮಗಳು ಏನು ಮಾಡ್ತಿದಾಳೆ?" ಎಂದರೆ ನಾನು ಚಿತ್ರಾನ್ನದ ಕಡೆ ತಿರುಗಿ "ರಿಸರ್ಚ್" ಎನ್ನುತ್ತಿದ್ದೆ. ರಿಸರ್ಚ್ ಎಂಬುದು ದೊಡ್ಡ ಕೊಡೆ, ಅದರ ಕೆಳಗೆ ಯಾರು ನಿಂತರೂ ನೆನೆಯುವುದಿಲ್ಲ.

ಅವಳಿಗೆ ಸಾರಿನ ಪುಡಿ ತಲುಪಿಸುವ ನೆಪದಲ್ಲಿ ಒಮ್ಮೆ ಆ ಕಡೆ ಡ್ರೈವ್ ಮಾಡಿಕೊಂಡು ಹೋದಾಗ, ನೋವೈ ಊರಿನಲ್ಲಿರುವ ಧಾರವಾಡದ ಗೆಳೆಯ ಗುರುರಾಜನ ಮನೆಯಲ್ಲಿ ಉಳಿದಿದ್ದೆವು. ಅವನು ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. ಊಟಕ್ಕೆ ನಿಧಿಯೂ ಬಂದಿದ್ದಳು. ಅವಳು ಓದುತ್ತಿರುವ ವಿಷಯ ಕೇಳಿ ಅವನ ಮುಖ ಅರಳಿತು. "ಜಪಾನಿ ಫಿಲಾಸಫಿ ಏನವ್ವಾ! ಅದನ್ನ ನಾವು ದಿನಾ ಮಾಡ್ತೀವಲ್ಲ. ಕೈಜೆನ್! ಹತ್ತು ನಿಮಿಷದ ಕೆಲಸ ಒಂಬತ್ತು ನಿಮಿಷಕ್ಕ ಹೆಂಗ ಮಾಡೂದು, ಅದರಾಗ ಅಲ್ಲೇನು ನೀ ಪಿಎಚ್‌ಡಿ ಮಾಡಾಕತ್ತಿದ್ದು?"

"ನೋ ಅಂಕಲ್. ಆ ಒಂದು ನಿಮಿಷ ಉಳಿಸಿದೋರು ಯಾರು ಅಂತ ಕೇಳೋದರಲ್ಲಿ" ಎಂದಳು ನಿಧಿ.

ಗುರುರಾಜ ರೊಟ್ಟಿಯ ತುಂಡನ್ನು ಕೈಯಲ್ಲೇ ಹಿಡಿದು ನನ್ನ ಕಡೆ ನೋಡಿದ. ನಾನು ಪಲ್ಯ ಹಾಕಿಸಿಕೊಂಡೆ.

ಅಮ್ಮನ ವಿಷಯ ಫೋನಿನಲ್ಲಿ ಹೇಳಿದಾಗ ನಿಧಿ, "ಶನಿವಾರ ಬರ್ತೀನಿ. ಸಂಡೇ ಬೆಳಿಗ್ಗೆ ನೀನು ನನ್ನ ಜೊತೆ ಒಂದು ಕಡೆ ಬರಬೇಕು" ಎಂದಳು. ಆ ಒಂದು ಕಡೆ ಎಂದರೆ ಷಿಕಾಗೋ ನಗರದೊಳಗಿನ ಒಂದು ಜಪಾನಿ ಬೌದ್ಧ ದೇವಸ್ಥಾನ. ನಾನು ಯೋಚಿಸಿಕೊಂಡಿದ್ದು ಗೋಡೆಗೆ ಮುಖ ಮಾಡಿ ಮೌನವಾಗಿ ಕೂರುವ ಜಾಗ. ನನ್ನ ಮಂಡಿಗಳ ಬಗ್ಗೆ ಶುಕ್ರವಾರದಿಂದಲೇ ಚಿಂತೆ ಹತ್ತಿತ್ತು. ಹೋಗಿ ನೋಡಿದರೆ ಸಾಲಾಗಿ ಬೆಂಚು, ಹಿಂದಿನ ಕೋಣೆಯಲ್ಲಿ ಕಾಫಿ ಪಾತ್ರೆ, ವಿಚಾರಿಸಿಕೊಳ್ಳುವ ಮುದುಕಿಯರು. ಇದು ಝೆನ್ ಅಲ್ಲ, ಬುದ್ಧನ ಹೆಸರು ಹೇಳುವವರ ಪಂಥವೆಂದು ನಿಧಿ ಪಿಸುಗುಟ್ಟಿದಳು. ಅವರು ಹೇಳುತ್ತಿದ್ದ ಹೆಸರಿನ ಮೊದಲಲ್ಲಿದ್ದ 'ನಮು', ನಮ್ಮ 'ನಮೋ' ಎಂಬುದೇ ಚೀನಾದ ಮೇಲೆ ಹಾದು ಸಮುದ್ರ ದಾಟಿ ಹೋದದ್ದಂತೆ. ಅಷ್ಟು ದೂರ ಹೋಗಿಯೂ ಗುರುತು ಸಿಗುವಂತಿತ್ತಲ್ಲ ಎಂದು ನನಗೆ ಸಂತೋಷವಾಯಿತು. ಆ ಸಂತೋಷದಲ್ಲೇ ಎಡವಿದೆ.

ಪ್ರಾರ್ಥನೆಯ ನಡುವೆ ಎಲ್ಲರೂ ಒಬ್ಬೊಬ್ಬರಾಗಿ ಮುಂದೆ ಹೋಗಿ ಕೈಮುಗಿಯುತ್ತಿದ್ದರು. ಅಲ್ಲೊಂದು ಪುಟ್ಟ ಡಬ್ಬಿಯಲ್ಲಿ ಕಂದು ಬಣ್ಣದ ಪುಡಿ, ಪಕ್ಕದಲ್ಲಿ ಕೆಂಡದ ಬಟ್ಟಲು. ನನ್ನ ಮುಂದಿದ್ದವರ ಬೆನ್ನು ಅಗಲವಾಗಿದ್ದರಿಂದ ಅವರೇನು ಮಾಡಿದರೆಂದು ಕಾಣಲಿಲ್ಲ. ನನ್ನ ಸರದಿ ಬಂತು. ದೇವರ ಮುಂದೆ ಡಬ್ಬಿಯಲ್ಲಿ ಪುಡಿ ಇಟ್ಟಿದ್ದಾರೆಂದರೆ ನಮ್ಮಂಥವರ ಕೈ ಯಾರನ್ನೂ ಕೇಳುವುದಿಲ್ಲ. ಚಿಟಿಕೆ ತೆಗೆದೆ, ಭಕ್ತಿಯಿಂದ ಹಣೆಗೆ ಹಚ್ಚಿಕೊಂಡೆ. ಉಳಿದದ್ದನ್ನು ಮಂತ್ರಾಲಯದ ಮೃತ್ತಿಕೆಯನ್ನು ಬಾಯಿಗೆ ಹಾಕಿಕೊಳ್ಳುವ ಹಾಗೆ ನಾಲಿಗೆಗೆ ಹಾಕಿಕೊಂಡೆ.

ಅದು ಧೂಪ. ಕೆಂಡದ ಮೇಲೆ ಹಾಕಬೇಕಾದದ್ದು. ಲವಂಗ, ಗಂಧ, ಇನ್ನೇನೋ ಮರದ ತೊಗಟೆ ಎಲ್ಲ ಸೇರಿ ಬಾಯಲ್ಲಿ ಒಂದು ಮರಗೆಲಸದ ಅಂಗಡಿ ತೆರೆದಂತಾಯಿತು. ಉಗುಳಲು ಎದುರಿಗೆ ಬುದ್ಧ. ನುಂಗಿದೆ.

ನನ್ನ ಹಿಂದಿದ್ದ ಜಪಾನಿ ಅಜ್ಜಿ ಬೆಂಚಿಗೆ ಬಂದ ಮೇಲೆ ಕೈಚೀಲ ತೆಗೆದು ಒಂದು ಪೆಪ್ಪರ್‌ಮಿಂಟನ್ನು ನನ್ನ ಅಂಗೈಯಲ್ಲಿಟ್ಟರು. "ನನ್ನ ಮೊಮ್ಮಗನೂ ತಿಂದಿದ್ದ. ಅವನಿಗೆ ಆಗ ನಾಲ್ಕು ವರ್ಷ" ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ನಿಧಿ ಮುಖ ಮುಚ್ಚಿಕೊಂಡಿದ್ದಳು. ಅವಳ ಭುಜ ಕುಲುಕುತ್ತಿದ್ದ ರೀತಿಯಿಂದ ನಗುತ್ತಿದ್ದಾಳೆಂದು ತಿಳಿಯಿತು.

ವಾಪಸ್ಸು ಬರುವಾಗ ಅವಳೇ ಡ್ರೈವ್ ಮಾಡಿದಳು. ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತ ನಾನು ಪಾಠ ಹೇಳಿಸಿಕೊಂಡೆ. ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ಅವಳನ್ನು ಬೈಯಬೇಡಿ. ಹೆಚ್ಚುಕಡಿಮೆ ನೂರು ವರ್ಷದ ಹಿಂದೆ ಕ್ಯೋಟೋದಲ್ಲಿ ಕೆಲವು ಮೇಷ್ಟರುಗಳಿದ್ದರು. ಜರ್ಮನಿಯ ದಪ್ಪ ಪುಸ್ತಕಗಳನ್ನೆಲ್ಲ ಓದಿ ಅರಗಿಸಿಕೊಂಡವರು. ಆದರೆ ಅವರ ಕಿವಿಯಲ್ಲಿದ್ದದ್ದು ಊರಿನ ದೇವಸ್ಥಾನಗಳ ಗಂಟೆ. ಇರುವುದು ಏನು ಎಂದು ಪಶ್ಚಿಮದವರು ಕೇಳುತ್ತ ಬಂದರೆ, ಇರುವುದೆಲ್ಲ ಯಾವುದರೊಳಗೆ ಇದೆ ಎಂದು ಇವರು ಕೇಳಿದರು. ಏನೂ ಅಲ್ಲದ್ದೊಂದರೊಳಗೆ ಎಂಬುದು ಅವರ ಉತ್ತರ.

"ಅದಕ್ಕೆ ಕನ್ನಡದಲ್ಲಿ ಏನಂತಾರಪ್ಪ?"

"ಶೂನ್ಯ."

"ದಟ್ಸ್ ಝೀರೋ."

"ಖಾಲಿ."

"ಪಾರ್ಕಿಂಗ್ ಲಾಟ್ ಖಾಲಿ ಇದೆ ಅಂತೀಯಲ್ಲ, ಆ ಖಾಲಿನಾ?"

ಅದಲ್ಲ. ಸ್ವಲ್ಪ ದೂರ ಹೋದ ಮೇಲೆ ಹೊಳೆಯಿತು. "ಬಯಲು" ಎಂದೆ. "ಏನೂ ಇಲ್ಲದ ಜಾಗ. ಆದ್ರೆ ಎಲ್ಲದಕ್ಕೂ ಜಾಗ ಇರೋದು."

ನಿಧಿ ಆ ಪದವನ್ನು ಬಾಯಲ್ಲೇ ಎರಡು ಸಲ ಹೇಳಿ ನೋಡಿದಳು. "ಇಷ್ಟು ದಿನ ಈ ವರ್ಡ್ ನಿನ್ನ ಹತ್ರ ಇತ್ತಾ ಅಪ್ಪಾ?"

"ಇತ್ತು. ನೀನು ಕೇಳಿರ್ಲಿಲ್ಲ."

ಆ ಮೇಷ್ಟರುಗಳಲ್ಲಿ ಹಿರಿಯರೊಬ್ಬರು ವರ್ಷಗಟ್ಟಲೆ ಝೆನ್ ಧ್ಯಾನಕ್ಕೆ ಕೂತವರಂತೆ. ಅದು ತನ್ನ ಬಲದಿಂದ ಹತ್ತುವ ದಾರಿ. ಅವರ ನಂತರದವರೊಬ್ಬರಿಗೆ ಯುದ್ಧದ ಕೊನೆಯ ದಿನಗಳಲ್ಲಿ ತನ್ನ ಬುದ್ಧಿಯ ಮೇಲಿದ್ದ ನಂಬಿಕೆಯೆಲ್ಲ ಮುರಿದುಬಿತ್ತು. ಇನ್ನು ನನ್ನಿಂದ ಆಗದು ಎಂಬಲ್ಲಿಗೆ ಬಂದು ನಿಂತಾಗ, ಆ ಆಗದಿರುವಿಕೆಯಲ್ಲೇ ಬೇರೊಂದು ಬಲ ತನ್ನನ್ನು ಎತ್ತಿಕೊಂಡಿತೆಂದು ಅವರಿಗೆ ಕಂಡಿತು. ನಾವು ಬೆಳಿಗ್ಗೆ ಹೋಗಿದ್ದ ದೇವಸ್ಥಾನದವರ ಹಳೆಯ ದಾರಿಯೇ ಅದು.

"ಅಜ್ಜಿ ಈಗ ಅದೇ ಜಾಗದಲ್ಲಿದಾಳೆ" ಎಂದಳು ನಿಧಿ. "ಅವಳ ಹತ್ರ ಮಾತಾಡ್ತೀನಿ. ನನ್ನ ಕನ್ನಡ ಸಾಕಾಗಲ್ಲ. ನೀನು ಟ್ರಾನ್ಸ್‌ಲೇಟ್ ಮಾಡಬೇಕು."

ಮನೆಗೆ ಬಂದಾಗ ಮಧ್ಯಾಹ್ನ. ಸುಧಾ ಬಾಗಿಲಲ್ಲೇ ತಲೆಯಾಡಿಸಿದಳು. ಅಮ್ಮ ಏನೂ ಮುಟ್ಟಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಎಡಗೈಯಿಂದ ಬಲಗೈ ಹೆಬ್ಬೆರಳನ್ನು ಹಿಡಿದು ಒಂದೊಂದೇ ಗೆಣ್ಣಿನ ಮೇಲೆ ಇಡುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಲ್ಲಿಸಿದಳು. ಎಲ್ಲಿದ್ದೆ ಎಂಬುದು ಮತ್ತೆ ಮರೆತುಹೋಯಿತೆಂದು ಅವಳ ಕಣ್ಣೇ ಹೇಳಿತು.

ನಿಧಿ ನೆಲದ ಮೇಲೆ ಕೂತು ಅಜ್ಜಿಯ ಮಂಡಿಗೆ ಗಲ್ಲ ಆನಿಸಿದಳು. "ಅಜ್ಜಿ, ಜಪಾನಲ್ಲೂ ಈ ಫೈಟ್ ಇತ್ತು. ಹೆಸರು ಒಂದು ಸಲ ಹೇಳಿದ್ರೆ ಸಾಕಾ, ತುಂಬಾ ಸಲ ಹೇಳ್ಬೇಕಾ ಅಂತ."

ಅಮ್ಮ ಸೆಟೆದು ಕೂತಳು. "ಹೌದಾ? ಏನಂತ ತೀರ್ಮಾನ ಆಯ್ತು?"

"ಹೇಳೋದು ನಾವೇ ಅಲ್ವಂತೆ."

"ನಾವಲ್ದೆ ಇನ್ಯಾರು, ಪಕ್ಕದ್ಮನೆಯೋರಾ?"

ನಿಧಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಸರಸರನೆ ಹೇಳಿದಳು. ಹೆಸರು ಹೇಳುವುದು ಏನನ್ನೋ ಗಳಿಸುವುದಕ್ಕಲ್ಲ, ಕರೆಯುವುದು ಆ ಕಡೆಯವನು, ನಮ್ಮ ಬಾಯಲ್ಲಿ ಬರುವುದು ಅದಕ್ಕೆ ಓಗೊಟ್ಟದ್ದು. ನನಗೆ ಕನ್ನಡ ಬರುತ್ತದೆ, ಇಂಗ್ಲಿಷ್ ಬರುತ್ತದೆ. ಎರಡರ ಮಧ್ಯೆ ನಿಂತು ಬೆವರಿದೆ. "ಅಮ್ಮಾ, ಅದು... ಅನ್ಯಶಕ್ತಿ ಅಂತ... ನಮ್ಮ ಪ್ರಯತ್ನವನ್ನು ಮೀರಿದ್ದು..." ಹಳೆಯ ಹರಿಕಥೆ ದಾಸರು ಮಾತು ಮರೆತಂತಿತ್ತು ನನ್ನ ಸ್ಥಿತಿ. ಅಮ್ಮನ ಮುಖದಲ್ಲಿ ಆಗಲೇ ದಣಿವು ಬಂದು, ಕೈ ಮತ್ತೆ ಹೆಬ್ಬೆರಳಿನತ್ತ ಹೋಯಿತು.

ಆಗ ಎಲ್ಲಿಂದಲೋ ನೆನಪಿಗೆ ಒಂದು ಬೆಕ್ಕು ಬಂತು. ಮೈಸೂರಿನ ಮನೆಯ ಅಟ್ಟದಲ್ಲಿ ಮರಿ ಹಾಕಿದ್ದ ಒಂದು ಬೂದು ಬೆಕ್ಕು. ನನಗೆ ಐದೋ ಆರೋ ವರ್ಷ. ಮಳೆಗಾಲ ಹತ್ತಿರ ಬಂದಿತ್ತು. ಅದು ಒಂದೊಂದೇ ಮರಿಯನ್ನು ಕುತ್ತಿಗೆ ಕಚ್ಚಿ ಹಿಡಿದು ಹಿತ್ತಲಿನ ಎತ್ತರದ ಗೋಡೆಯ ಮೇಲೆ ನಡೆದುಕೊಂಡು ಹೋಗುತ್ತಿತ್ತು. ಮರಿ ಸತ್ತ ಹಾಗೆ ಜೋತಾಡುತ್ತಿತ್ತು. ನನ್ನ ಆತಂಕದ ಕಸುಬು ಆಗಲೇ ಶುರುವಾಗಿತ್ತೆಂದು ಕಾಣುತ್ತದೆ. ಬೀಳತ್ತೆ, ಬೀಳತ್ತೆ ಎಂದು ಗೋಡೆಯ ಕೆಳಗೆ ನಿಂತು ಚಡ್ಡಿ ಒದ್ದೆಯಾಗುವಷ್ಟು ಅತ್ತಿದ್ದೆ. ಬಟ್ಟೆ ಹಿಂಡುತ್ತಿದ್ದ ಅಮ್ಮ ಬಂದು, ಒದ್ದೆ ಕೈಯಲ್ಲೇ ನನ್ನ ಮುಖ ಮೇಲೆತ್ತಿದ್ದಳು. ಅದನ್ನು ಈಗ ಅಮ್ಮನಿಗೆ ಹೇಳಿದೆ.

"ನೀನು ಏನಂದೆ ಗೊತ್ತಾ? ಮರಿ ಏನಾದ್ರೂ ಹಿಡ್ಕೊಂಡಿದ್ಯೇನೋ ಶೀನ, ಕೈ ಜಾರೋದಕ್ಕೆ? ಹಿಡ್ಕೊಂಡಿರೋದು ಅವರಮ್ಮ. ಮರಿಗೆ ಮಾಡೋದಕ್ಕೆ ಏನೂ ಇಲ್ಲ. ಹಾಗಂದೆ."

ಅಮ್ಮ ನನ್ನ ಕಡೆ ತಿರುಗಿದಳು. "ನಾನು ಹಾಗಂದ್ನಾ?"

"ಅಂದೆ."

"ಅಷ್ಟು ಬುದ್ಧಿವಂತೆ ಇದ್ನಾ ನಾನು?" ಎಂದವಳು, ಆಮೇಲೆ ಅನುಮಾನದಿಂದ, "ಅಲ್ವೋ, ದೇವರೇ ಹಿಡ್ಕೊಂಡು ಹೋಗ್ತಾನೆ ಅನ್ನೋ ಈ ಬೆಕ್ಕಿನ ಮರಿ ಮಾತು ಅಯ್ಯಂಗಾರ್ರದಲ್ವಾ? ನಮ್ಮ ಮತದ್ದಲ್ಲ. ಎದುರುಮನೆ ಮಾಮಿ ಹತ್ರ ಕೇಳಿ ಅಂದಿರ್ಬೇಕು."

"ಅಯ್ಯಂಗಾರ್ರದೂ ಹೌದು, ಜಪಾನಿನವರದೂ ಹೌದು" ಎಂದೆ. ನಿಧಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅವಳು ಅಜ್ಜಿಯ ಮಂಡಿಯಿಂದ ಗಲ್ಲ ಎತ್ತಿ, ಕಣ್ಣು ಅರಳಿಸಿ, "ಅಜ್ಜಿ ಸೆಡ್ ದ್ಯಾಟ್?" ಎಂದಳು. ತನ್ನ ಪಿಎಚ್‌ಡಿಯ ಒಂದು ಅಧ್ಯಾಯ ಮೈಸೂರಿನ ಹಿತ್ತಲಲ್ಲಿ ಒದ್ದೆ ಬಟ್ಟೆಯ ಜೊತೆ ಒಣಗುತ್ತಿತ್ತೆಂದು ಅವಳಿಗೆ ಯಾರು ಹೇಳಬೇಕಿತ್ತು?

"ಆ ಜಪಾನಿನೋರು ಸ್ನಾನ ಮಾಡಿ ಜಪಕ್ಕೆ ಕೂರ್ತಿದ್ರಾ?" ಅಮ್ಮ ಕೇಳಿದಳು.

"ಜಪಾನಲ್ಲಿ ಎಲ್ರೂ ತುಂಬಾ ಸ್ನಾನ ಮಾಡ್ತಾರೆ ಅಜ್ಜಿ."

"ಹ್ಞಾ. ಹಾಗಾದ್ರೆ ಪರವಾಗಿಲ್ಲ." ಸ್ವಲ್ಪ ತಡೆದು, "ಆದ್ರೂ ಲೆಕ್ಕ ಲೆಕ್ಕಾನೇ ಕಣೇ" ಎಂದಳು. ಆವತ್ತು ಮೂರು ಗಂಟೆಯ ಹೊತ್ತಿಗೆ, ಬಲವಂತಕ್ಕೆ, ಎರಡು ತುತ್ತು ಮೊಸರನ್ನ ತಿಂದು ಮಾತ್ರೆ ನುಂಗಿದಳು. ನಮ್ಮ ತತ್ವಶಾಸ್ತ್ರವೆಲ್ಲ ಕೂಡಿ ಸಾಧಿಸಿದ್ದು ಇಷ್ಟೇ ಎಂದು ನಾನು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತ ಕುಗ್ಗಿದೆ.

ಸೋಮವಾರ ಬೆಳಿಗ್ಗೆ ನಿಧಿ ಹೊರಡಬೇಕಿತ್ತು. ಹೊರಗೆ ಹತ್ತು ಡಿಗ್ರಿ. ನಮ್ಮ ಫ್ಯಾರನ್‌ಹೀಟಿನ ಹತ್ತು, ಅಂದರೆ ನೀರು ಕಲ್ಲಾಗುವ ಚಳಿ. ನಾನು ಅವಳ ಕಾರಿನ ಟೈರುಗಳ ಗಾಳಿ ನೋಡಿ, ದಾರಿಯಲ್ಲಿ ಸಿಗುವ ಇಂಡಿಯಾನಾದಲ್ಲಿ ಹಿಮ ಬೀಳುತ್ತದೆಯೇ ಎಂದು ಫೋನಿನಲ್ಲಿ ನೋಡಿ, ಮತ್ತೆ ಟೈರು ನೋಡಿ ಒಳಗೆ ಬಂದೆ. ಅಮ್ಮ ಸ್ನಾನ ಮುಗಿಸಿ ಕುರ್ಚಿಯಲ್ಲಿ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಹೆಬ್ಬೆರಳು ಯಾವ ಗೆಣ್ಣಿನ ಮೇಲೂ ಇರಲಿಲ್ಲ. ಸುಧಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಸದ್ದಾದೀತೆಂದು ನಾನು ಜಾಕೆಟ್ಟನ್ನೂ ಬಿಚ್ಚಲಿಲ್ಲ.

ಅಮ್ಮನ ತುಟಿ ನಿಂತಿತು. ಕಣ್ಣು ತೆರೆದು ನಮ್ಮ ಸಾಲನ್ನು ನೋಡಿದಳು.

"ಏನು ಎಲ್ಲ ನಿಂತ್ಬಿಟ್ರಿ, ಆರತಿಗೆ ನಿಂತ ಹಾಗೆ? ಸುಧಾ, ಕಾಫಿ ಕೊಡಮ್ಮ."

"ನೂರೆಂಟು ಆಯ್ತಾ ಅಜ್ಜಿ?" ಎಂದಳು ನಿಧಿ. ಆ ಪ್ರಶ್ನೆ ಕೇಳಬಾರದಾಗಿತ್ತೆಂದು ನಾನು ಅವಳನ್ನು ಕಣ್ಣಲ್ಲೇ ಗದರಿದೆ.

"ನಂಗೇನ್ ಗೊತ್ತು?" ಎಂದಳು ಅಮ್ಮ. "ಎಣಿಸೋರು ಎಣಿಸ್ಕೋತಾರೆ."

ಸುಧಾ ತಂದ ಲೋಟವನ್ನು ಅಮ್ಮ ಎಡಗೈ ಆಸರೆ ಕೊಟ್ಟು ಎತ್ತಿದಳು. ಒಂದು ಗುಟುಕು ಕುಡಿದಳು. ನಾವು ಮೂವರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಇನ್ನೊಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಮುಖ ಸಿಂಡರಿಸಿದಳು.

"ಡಿಕಾಕ್ಷನ್ ಏನು ನೀರಾಗಿದೆ. ಇದಕ್ಕೋಸ್ಕರ ನಾನು ಜಪ ಬೇಗ ಮುಗಿಸಿದ್ದಾ?"

ಸುಧಾ ಸೆರಗಿಲ್ಲದ ನೈಟಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು, ಹೊಸದಾಗಿ ಪುಡಿ ಹಾಕಲು ಒಳಗೆ ಹೋದಳು.